ಜ್ಞಾನಮ್ಮನ ಮೂರು ಊಟ

ಬಾ, ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ಕೋ. ಜಪ ಹೇಳಿ ಆಯ್ತಾ? ಅರ್ಧಕ್ಕೇ ಬಿಟ್ಟು ಬಂದಿರ್ತೀಯ, ನಂಗೊತ್ತು. ಇರ್ಲಿ, ಉಳಿದ ಅರ್ಧ ಸರ್ವೇಶ್ವರ ತಾನೇ ಹೇಳ್ಕೋತಾನೆ. ಕತೆ ಹೇಳ್ತೀನಿ, ನೀನು ಹೂಂಗುಟ್ಟಬೇಕು. ನಿನ್ನ ಹೂಂ ನಿಂತ್ರೆ ನನ್ನ ಕತೆನೂ ನಿಲ್ಲುತ್ತೆ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಹುಟ್ಟದೇ ಇದ್ದ ಕಾಲದಲ್ಲಿ, ಒಂದು ಊರಿತ್ತಂತೆ. ಊರ ನಡುವೆ ಒಂದು ಹಳ್ಳ. ಹಳ್ಳದ ಈಚೆ ಹೆಂಚಿನ ಮನೆಯೋರು, ಹೊಲ ಗದ್ದೆ ಇದ್ದೋರು. ಹಳ್ಳದ ಆಚೆ ಹುಲ್ಲಿನ ಗುಡಿಸಲೋರು, ಸತ್ತ ದನ ಹೊತ್ತು ಚರ್ಮ ಹದ ಮಾಡೋರು. ಈಚೆಯೋರೂ ಯೇಸುಸ್ವಾಮಿ ಮಕ್ಕಳೇ, ಆಚೆಯೋರೂ ಯೇಸುಸ್ವಾಮಿ ಮಕ್ಕಳೇ. ಇಬ್ಬರ ತಲೆ ಮೇಲೂ ಒಂದೇ ಗುಡೀಲಿ ಒಂದೇ ನೀರು ಸುರಿದು ಹೆಸರಿಟ್ಟಿದ್ದು. ಆದ್ರೂ ಪೂಜೆಗೆ ಬಂದ್ರೆ ಈಚೆಯೋರು ಪೀಠದ ಮುಂದೆ, ಆಚೆಯೋರು ಬಾಗಿಲ ಹತ್ರ. ಹಾಗೆ ಕೂತ್ಕೊಳ್ಳಿ ಅಂತ ಯಾರೂ ಹೇಳಿರಲಿಲ್ಲವಂತೆ. ಯಾರೂ ಹೇಳದೇ ಇದ್ದಿದ್ದಕ್ಕೇ ಅದನ್ನ ಯಾರೂ ತಪ್ಪು ಅಂತ ಅಂದುಕೊಂಡಿರಲಿಲ್ಲ.

ಹಳ್ಳದ ಈಚೆ ಜ್ಞಾನಮ್ಮ ಅಂತ ಒಬ್ಬಳು ಇದ್ಳಂತೆ. ಅವಳ ಗಂಡ ಇನ್ನಾಸಪ್ಪ, ಮಾತು ಕಮ್ಮಿ ದುಡಿಮೆ ಜಾಸ್ತಿ. ಜ್ಞಾನಮ್ಮನ ಕೈರುಚಿ ಏನು ಹೇಳ್ಲಿ, ಅವಳು ಸಾರಿಗೆ ಒಗ್ಗರಣೆ ಹಾಕಿದ್ರೆ ಹಳ್ಳದ ಆಚೆ ಮಲಗಿದ್ದ ನಾಯಿಗಳೂ ಎದ್ದು ಕೂರ್ತಿದ್ವಂತೆ. ಕೈರುಚಿ ಹೇಗೋ ಹಾಗೇ ಕೈ ಕೂಡ ಧಾರಾಳ. ವರ್ಷಕ್ಕೆ ಮೂರು ಸಲ ಅವಳ ಮನೇಲಿ ಊರಿಗೆಲ್ಲ ಊಟ. ಮಾತೆ ಮರಿಯಮ್ಮನ ಹಬ್ಬಕ್ಕೊಂದು, ಆಮೇಲೆ ಯೇಸುಸ್ವಾಮಿ ಹುಟ್ಟಿದ ಹಬ್ಬಕ್ಕೊಂದು, ಆಮೇಲೆ ಸ್ವಾಮಿ ಸತ್ತು ಎದ್ದ ಪಾಸ್ಕದ ಹಬ್ಬಕ್ಕೊಂದು. ಒಳ್ಳೆ ಹೆಂಗಸು ಕಣೇ, ಆ ಕಾಲಕ್ಕೆ ಅಂಥೋಳು ಸಿಗೋದೇ ಅಪರೂಪ. ಆದ್ರೆ ಒಳ್ಳೆಯೋರಿಗೂ ಕಾಣದೇ ಇರೋದು ಒಂದೊಂದು ಇರುತ್ತೆ, ನಮ್ಮ ಬೆನ್ನು ನಮಗೆ ಕಾಣುತ್ತಾ, ಹಾಗೆ.

ಅವಳಿಗೆ ಒಬ್ಬಳೇ ಮಗಳು, ಮದಲಿ ಅಂತ, ಆರು ವರ್ಷ. ಆ ವರ್ಷ ಮಳೆ ಹಿಡಿದ ದಿನದಿಂದ ಮದಲಿ ಬಾಯಿ ಮುಚ್ಚಿಬಿಟ್ಟಳಂತೆ. ಮಾತಿಗಲ್ಲ, ಮಾತು ನಿನ್ನ ಹಾಗೇ ಪಟಪಟ. ಊಟಕ್ಕೆ. ತುತ್ತು ಹಿಡಿದ್ರೆ ತುಟಿ ಬಿಗಿ. ದಿನಕ್ಕೆ ಎರಡು ಗುಟುಕು ರಾಗಿ ಗಂಜಿ, ಅಷ್ಟೇ ಅವಳ ಜೀವ ಹಿಡಿದಿದ್ದು. ಸೊಪ್ಪಿನ ಸಾರು ಅಂದ್ರೆ ನಾನೂ ಹಾಗೇ ಮಾಡ್ತೀನಲ್ಲ ಅನ್ನಬೇಡ, ನಿಂದು ಸೋಗು, ಅವಳದ್ದು ನಿಜ. ಜ್ಞಾನಮ್ಮ ನಾಟಿ ವೈದ್ಯನ ಹತ್ರ ಹೋದ್ಳು, ಅವನು ಬೇರು ಅರೆದು ಕೊಟ್ಟ, ಆಗ್ಲಿಲ್ಲ. ಆಮೇಲೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ಳು, ಮನೆಯೋರೆಲ್ಲ ಕೆಮ್ಮಿದ್ರು, ಮಗು ಉಣ್ಣಲಿಲ್ಲ. ಆಮೇಲೆ ಗುಡೀಲಿ ಮಗುವಿನಷ್ಟೇ ಎತ್ತರದ ಮೇಣದ ಬತ್ತಿ ಹಚ್ಚಿದ್ಳು, ಬತ್ತಿ ಕರಗಿ ಗಿಡ್ಡ ಆಯ್ತು, ಮಗುವೂ ಅದರ ಜೊತೇಲೇ ಕರಗ್ತಾ ಬಂತು.

ಒಂದು ಮಧ್ಯಾಹ್ನ ಜ್ಞಾನಮ್ಮ ತುತ್ತಿನ ತಟ್ಟೆ ತೊಡೆ ಮೇಲಿಟ್ಕೊಂಡು ಹೊಸಿಲ ಮೇಲೆ ಕೂತು ಅಳ್ತಿದ್ಳಂತೆ. ಆಗ ಜೋಳಿಗೆ ಹಾಕ್ಕೊಂಡ ಮುದುಕ ಒಬ್ಬ ಬಂದು, ತಾಯಿ ಅಂಬಲಿ ಇದ್ಯಾ ಅಂತ ಕೇಳಿದ. ಜ್ಞಾನಮ್ಮ ಕಣ್ಣು ಒರೆಸಿಕೊಂಡು ಎದ್ದು, ಮೊದಲು ಅವನಿಗೆ ಅಂಬಲಿ ತಂದುಕೊಟ್ಟು ಆಮೇಲೆ ಮತ್ತೆ ಅಳೋಕೆ ಕೂತ್ಳಂತೆ. ನೋಡು ಅವಳ ಗುಣ. ಮುದುಕ ಕುಡಿದ, ಮೀಸೆ ಒರೆಸಿಕೊಂಡ, ಅಳೋದು ಯಾಕೆ ಅಂತ ಕೇಳಿದ, ಇವಳು ಎಲ್ಲಾ ಹೇಳಿದ್ಳು. ಮುದುಕ ಮಗೂನ ಒಂದು ಸಲ ನೋಡಿ ಅಂದನಂತೆ:

"ನಿನ್ನ ಮನೆ ಹಬ್ಬದೂಟಕ್ಕೆ ಒಬ್ಬರೂ ಹಸಿದುಕೊಂಡು ಉಳಿಯದೇ ಇರೋ ದಿನ ನಿನ್ನ ಮಗು ಬಾಯಿ ತೆರೀತಾಳೆ ತಾಯಿ."

ಅಷ್ಟು ಹೇಳಿ ಹೊರಟುಹೋದ. ಜ್ಞಾನಮ್ಮಂಗೆ ನಗು ಬಂತಂತೆ. ನನ್ನ ಮನೇಲಿ ಹಸಿವಾ? ಇದ್ಯಾವ ದೊಡ್ಡ ಕೆಲಸ, ನಾಳೆನೇ ಮಾಡ್ತೀನಿ ಅಂದ್ಕೊಂಡ್ಳು.

ಮಾತೆಯ ಹಬ್ಬ ಬಂತು. ಜ್ಞಾನಮ್ಮ ವರ್ಷಕ್ಕೆ ಮಾಡೋದರ ಎರಡರಷ್ಟು ಅಡುಗೆ ಮಾಡಿಸಿದ್ಳಂತೆ. ಹೊಸ ಅಕ್ಕಿ ಅನ್ನ, ಹುರುಳಿಕಾಳಿನ ಬಸ್ಸಾರು, ಕುಂಬಳಕಾಯಿ ಪಲ್ಯ, ಬೆಲ್ಲದ ಪಾಯಸ. ಹಳ್ಳದ ಈಚೆಯೋರೆಲ್ಲ ಪಡಸಾಲೇಲಿ ಸಾಲಾಗಿ ಕೂತ್ರು. ಆಚೆಯೋರು ಯಾವತ್ತಿನ ಹಾಗೆ ಹಿತ್ತಲಲ್ಲಿ ಕೊಟ್ಟಿಗೆ ಮಗ್ಗುಲಿಗೆ ಕೂತ್ರು. ಅಡುಗೆ ಒಂದೇ, ಇಲ್ಲಿಗೆ ಬಡಿಸಿದ್ದೇ ಅಲ್ಲಿಗೂ. ಜ್ಞಾನಮ್ಮ ಇಲ್ಲೂ ಓಡಿದ್ಳು, ಅಲ್ಲೂ ಓಡಿದ್ಳು, ಸಾಕು ಸಾಕು ಅಂತ ಎಲೆಗೆ ಅಡ್ಡ ಕೈ ಹಿಡಿಯೋವರೆಗೂ ಬಡಿಸಿದ್ಳು. ಎಲ್ಲರೂ ತೇಗಿದ್ರು. ಇವಳು ಓಡಿಬಂದು ಮದಲಿ ಬಾಯಿಗೆ ತುತ್ತು ಹಿಡಿದ್ರೆ, ತುಟಿ ಹೊಲಿದ ಹಾಗೆ ಬಿಗಿ.

ಆಮೇಲೆ ನಾಲ್ಕು ದಿನ ಬಿಟ್ಟು ಮುದುಕ ಬಂದ. ಜ್ಞಾನಮ್ಮ ಅವನ ಮೇಲೆ ಹರಿಹಾಯ್ದಳಂತೆ, ಎರಡರಷ್ಟು ಅಡುಗೆ ಮಾಡಿದ್ದೀನಿ, ಹಂಡೆ ಹಂಡೆ ಅನ್ನ ಮಿಕ್ಕಿದೆ, ಇನ್ಯಾರು ಹಸಿದಿದ್ರು ಹೇಳಿ ಅಂತ. ಮುದುಕ ಕೋಪ ಮಾಡ್ಕೊಳ್ಳಲಿಲ್ಲ. ಎಲ್ಲರೂ ಎಲ್ಲಿ ಕೂತು ಉಂಡ್ರು ತಾಯಿ ಅಂತ ಒಂದೇ ಮಾತು ಕೇಳಿದ. ಪಡಸಾಲೇಲಿ ಅಂದ್ಳು. ಎಲ್ಲರೂನಾ ಅಂದ. ಜ್ಞಾನಮ್ಮನ ಕಣ್ಣು ಹಿತ್ತಲ ಕೊಟ್ಟಿಗೆ ಕಡೆ ಹೋಯ್ತಂತೆ.

ನಿದ್ದೆ ಬಂತಾ? ಇಲ್ವಾ? ಹಾಗಾದ್ರೆ ಹೂಂ ಅನ್ನು.

ಆಮೇಲೆ ಯೇಸುಸ್ವಾಮಿ ಹುಟ್ಟಿದ ಹಬ್ಬ ಬಂತು, ಅವರೆಕಾಯಿ ಕಾಲ. ಜ್ಞಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾನೇ ಹಳ್ಳ ದಾಟಿ, ಗುಡಿಸಲು ಗುಡಿಸಲಿಗೂ ಹೋಗಿ ಊಟಕ್ಕೆ ಕರೆದ್ಳಂತೆ. ಎಲ್ಲರೂ ಪಡಸಾಲೇಲಿ, ಎಲ್ಲರೂ ಒಂದೇ ಸಾಲು ಅಂತ ಹೇಳಿದ್ಳು. ಆಚೆಯಲ್ಲಿ ಸಂದಮ್ಮ ಅಂತ ಒಬ್ಬ ಮುದುಕಿ, ಬೆನ್ನು ಬಾಗಿದ್ದೋಳು, ಮುತ್ತುಗದ ಎಲೆ ಕಡ್ಡಿ ಚುಚ್ಚಿ ಹಚ್ಚಿ ಊರಿಗೆಲ್ಲ ಊಟದ ಎಲೆ ಕೊಡ್ತಿದ್ದೋಳು ಅವಳೇ. ಅವಳು ಹೆದರಿಕೊಂಡು, ಬೇಡ ಅವ್ವಾ, ನಮ್ಮಿಂದ ನಿಮಗೆ ನಿಷ್ಠುರ ಆಗುತ್ತೆ ಅಂದ್ಳಂತೆ. ಆಗ್ಲಿ ಬಾ ಅಂದ್ಳು ಜ್ಞಾನಮ್ಮ.

ನಿಷ್ಠುರ ಆಯ್ತು ಕೂಡ. ಇನ್ನಾಸಪ್ಪನ ಅಕ್ಕ ಸೂಸಾನಮ್ಮ ಅಂತ, ಮೂಗಿನ ಮೇಲೇ ಕೋಪ. ಅವಳು ಪಡಸಾಲೆ ಬಾಗಿಲಲ್ಲೇ ನಿಂತು, ನನ್ನ ತಮ್ಮನ ಮನೇಲಿ ನನಗೆ ಈ ಸಾಲಲ್ಲಿ ಎಲೆ ಹಾಕ್ತೀಯಾ, ಊರಿಗೆ ಉಪಕಾರಿ ಮನೆಗೆ ಮಾರಿ ಆಗಬೇಡ ಅಂತ ಕೂಗಾಡಿ, ನಾಲ್ಕು ಮನೆಯೋರನ್ನ ಜೊತೆಗೆ ಕರ್ಕೊಂಡು ಹೊರಟೇಹೋದ್ಳಂತೆ. ಜ್ಞಾನಮ್ಮ ಗಂಡನ ಮುಖ ನೋಡಿದ್ಳು. ಇನ್ನಾಸಪ್ಪ ಅಕ್ಕ ಹೋದ ದಾರೀನ ಒಂದು ಗಳಿಗೆ ನೋಡಿ, ಕೂತಿರೋರಿಗೆ ಎಲೆ ಹಾಕು, ಆರಿಹೋಗುತ್ತೆ ಅಂದನಂತೆ. ಎಂಥ ಗಂಡಸು ನೋಡು. ನಾಲ್ಕೇ ಮಾತು, ಆದ್ರೆ ಅಕ್ಕನ ಕೂಗಾಟಕ್ಕಿಂತ ದೊಡ್ಡದು.

ಊಟ ಆಯ್ತು. ಅವರೆಕಾಳು ಸಾರು, ಮುದ್ದೆ, ಅನ್ನ, ಕಜ್ಜಾಯ. ಎಲ್ಲರೂ ಒಂದೇ ಸಾಲು. ಈ ಸಲ ಗೆದ್ದೆ ಅಂದ್ಕೊಂಡು ಮದಲಿ ಹತ್ರ ತುತ್ತು ತಂದ್ರೆ, ಮಗು ಮುಖ ತಿರುಗಿಸ್ತಂತೆ. ಜ್ಞಾನಮ್ಮ ತಟ್ಟೆ ಅಲ್ಲೇ ಕುಕ್ಕಿಬಿಟ್ಳು.

ಆಮೇಲೆ ನಾಲ್ಕು ದಿನ ಬಿಟ್ಟು ಮುದುಕ ಬಂದ. ಇವಳು ಈ ಸಲ ಜಗಳ ಆಡಲಿಲ್ಲ. ಅತ್ತಿಗೇನೂ ಕಳ್ಕೊಂಡೆ, ಇನ್ನೂ ಎಲ್ಲಿ ತಪ್ಪಿದೆ ಹೇಳಿ ಅಂತ ಕೇಳಿದ್ಳಂತೆ. ನೀರು ಹ್ಯಾಗೆ ಕುಡಿದ್ರು ತಾಯಿ ಅಂದ ಅವನು. ಜ್ಞಾನಮ್ಮ ನೆನಪು ಮಾಡಿಕೊಂಡ್ಳು. ಈಚೆಯೋರಿಗೆ ಚೊಂಬು ಕೊಟ್ಟಿದ್ಳು. ಆಚೆಯೋರ ಹತ್ರ ಬಂದಾಗ ಅವರು ಬೊಗಸೆ ಒಡ್ಡಿದ್ರು, ಇವಳ ಕೈ ತಾನೇ ಮೇಲಕ್ಕೆ ಹೋಗಿ, ಮೊಳದ ಎತ್ತರದಿಂದ ನೀರು ಸುರಿದಿತ್ತು. ಸುರೀಬೇಕು ಅಂತ ಅವಳು ಅಂದ್ಕೊಂಡೇ ಇರಲಿಲ್ಲ. ಅವಳ ಕೈ ಅವಳನ್ನ ಕೇಳಿರಲೇ ಇಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರಲ್ಲ, ಅವಳದ್ದು ಮನಸ್ಸಿಂದ ಹೋಗಿತ್ತು, ಮೊಣಕೈಯಲ್ಲಿ ಉಳಿದಿತ್ತು. ಆ ದಿನ ಅವಳು ಅತ್ತಿದ್ದು ಮಗಳಿಗಾಗಿ ಅಲ್ಲ ಕಣೇ, ನಾಚಿಕೆಗೆ ಅತ್ತಿದ್ದು. ಅದಕ್ಕೇ ನಂಗೆ ಅವಳನ್ನ ಕಂಡ್ರೆ ಇಷ್ಟ. ತಪ್ಪು ತೋರಿಸಿದೋನ ಮೇಲೆ ಸಿಟ್ಟಾಗದೇ ತಪ್ಪಿಗೆ ಅಳೋರು ಎಷ್ಟು ಜನ ಇದ್ದಾರೆ?

ಆಮೇಲೆ ಪಾಸ್ಕಕ್ಕೆ ಮುಂಚಿನ ತಪಸ್ಸು ಕಾಲ ಬಂತು, ನಲವತ್ತು ದಿನ ಊರೆಲ್ಲ ಒಪ್ಪೊತ್ತು ಊಟ, ಮಾಂಸ ಮುಟ್ಟೋ ಹಾಗಿಲ್ಲ. ಮದಲಿಯನ್ನ ಎತ್ತಿಕೊಂಡ್ರೆ ಕೈಗೆ ಭಾರವೇ ಇಲ್ಲ. ಮುಂದಿನ ಮಳೆ ಈ ಮಗು ನೋಡಲ್ಲ ಅಂತ ಊರ ಹೆಂಗಸರು ಬಾವಿ ಕಟ್ಟೇಲಿ ಮಾತಾಡಿಕೊಳ್ತಿದ್ರಂತೆ. ಪಾದ ತೊಳೆಯೋ ಗುರುವಾರ ಗುಡೀಲಿ ಗುರುಗಳು ಹನ್ನೆರಡು ಜನರ ಕಾಲು ತೊಳೆದು ಒರೆಸಿದ್ರು. ಒರೆಸೋ ವಸ್ತ್ರ ವರ್ಷಾ ವರ್ಷಾ ಒಗೆದು ಮಡಿಸಿ ಕೊಡ್ತಿದ್ದೋಳು ಜ್ಞಾನಮ್ಮನೇ. ಆ ವರ್ಷ ಮಾತ್ರ ಅವಳು ವಸ್ತ್ರ ಬೆಳ್ಳಗಿದ್ಯಾ ಅಂತ ನೋಡಲಿಲ್ಲವಂತೆ. ಶಿಷ್ಯರನ್ನ ಊಟಕ್ಕೆ ಕರೆದ ಯೇಸುಸ್ವಾಮಿ ತಾನೇ ಅಲ್ವಾ ಅವತ್ತು ಅವರ ಕಾಲು ತೊಳೆಯೋಕೆ ಬಗ್ಗಿದ್ದು ಅಂತ ನೋಡ್ತಾ ಕೂತಿದ್ಳಂತೆ.

ಪಾಸ್ಕ ಬಂತು. ಅಂಗಳಕ್ಕೆ ಚಪ್ಪರ ಹಾಕಿದ್ರು. ನಲವತ್ತು ದಿನದ ಆಸೆ ತೀರೋ ಹಾಗೆ ಕುರಿ ಮಾಂಸದ ಸಾರು, ಅನ್ನ. ಒಂದೇ ಸಾಲು, ಎಲ್ಲರ ಪಕ್ಕದಲ್ಲೂ ಚೊಂಬು. ಸಾರಿನ ವಾಸನೆಗೋ, ತಮ್ಮನ ಮೇಲಿನ ಪ್ರೀತಿಗೋ, ಸೂಸಾನಮ್ಮನೂ ಮುಖ ಊದಿಸಿಕೊಂಡು ಬಂದು ಸಾಲಿನ ಕೊನೇಲಿ ಕೂತಿದ್ಳಂತೆ. ಜ್ಞಾನಮ್ಮ ಬೆಳಗಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಬಡಿಸಿದ್ಳು, ಬಡಿಸಿದ್ಳು. ಎಲ್ಲರದ್ದೂ ಆಯ್ತು. ಕಂಬಕ್ಕೆ ಒರಗಿ ಕೂತಿದ್ದ ಮದಲಿ ಕಡೆ ನೋಡಿದ್ಳು. ತುಟಿ ಬಿಗಿ.

ಅಷ್ಟರಲ್ಲಿ ಜನ ಏಳೋಕೆ ಶುರು ಮಾಡಿದ್ರು. ಈಚೆಯೋರು ಎದ್ದು, ಎಲೆ ಅಲ್ಲೇ ಬಿಟ್ಟು, ಕೈ ತೊಳೆಯೋಕೆ ಹೋದ್ರು. ಅತಿಥಿಗಳ ಎಲೆ ಮನೆಯೋರು ಎತ್ತೋದು ಪದ್ಧತಿ ಅಲ್ವಾ. ಆಚೆಯೋರು ಮಾತ್ರ ಉಂಡ ಎಲೇನ ತಾವೇ ಮಡಿಸಿ, ಕೈಯಲ್ಲಿ ಹಿಡ್ಕೊಂಡು ಎದ್ರು. ಹಳ್ಳ ದಾಟಿ, ತಮ್ಮ ಕಡೆ ಬಿಸಾಕೋಕೆ. ಯಾವತ್ತೂ ಹಾಗೇ. ಜ್ಞಾನಮ್ಮ ಹುಟ್ಟಿದಾಗಿಂದ ನೋಡಿದ್ದೇ, ಒಂದು ದಿನವೂ ಕಂಡಿರಲಿಲ್ಲ. ಸಂದಮ್ಮ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಲ್ಲಿ ಎಲೆ ಹಿಡಿದು, ಬಾಗಿದ ಬೆನ್ನನ್ನ ಎತ್ತೋಕೆ ಒದ್ದಾಡ್ತಿದ್ಳಂತೆ. ಆ ಎಲೆ ಹಚ್ಚಿದ್ದೂ ಅವಳೇ. ಅವಳು ಹಚ್ಚುವಾಗ ಎಲೆಗೆ ಇಲ್ಲದ ಮೈಲಿಗೆ ಅವಳು ಉಂಡ ಮೇಲೆ ಎಲ್ಲಿಂದ ಬಂತು?

ಈ ಸಲ ಮುದುಕ ಬಂದು ಹೇಳಬೇಕಾಗಲಿಲ್ಲ. ಜ್ಞಾನಮ್ಮ ಸೌಟು ಕೆಳಗಿಟ್ಟು ಹೋಗಿ, ಸಂದಮ್ಮನ ಕೈಲಿದ್ದ ಎಲೆ ಹಿಡ್ಕೊಂಡು, ಇದನ್ನ ಇಲ್ಲಿ ಕೊಡು ಅಂದ್ಳಂತೆ. ಸಂದಮ್ಮ ಎಲೇನ ತನ್ನ ಕಡೆ ಎಳ್ಕೊಂಡ್ಳು. ಬೇಡ ಅವ್ವಾ, ನನ್ನ ಎಂಜಲು ನೀವು ಮುಟ್ಟಿದ್ರೆ ನಂಗೆ ಪಾಪ ಸುತ್ತಿಕೊಳ್ಳುತ್ತೆ ಅಂತ ಎಲೆ ಬಿಡಲೊಲ್ಲಳು. ಇವಳು ಬಿಡಲೊಲ್ಲಳು. ಎಳೆದಾಟದಲ್ಲಿ ಎಲೆ ಹರಿದು, ಸಾರು, ಮೂಳೆ, ಮಿಕ್ಕಿದ ಅನ್ನ ಎಲ್ಲಾ ಜ್ಞಾನಮ್ಮನ ಹಬ್ಬದ ಸೀರೆ ಮೇಲೆ. ಕೈ ತೊಳೆಯೋಕೆ ಹೋದೋರೂ ತಿರುಗಿ ನೋಡಿದ್ರು. ಆಗ ಜ್ಞಾನಮ್ಮ ಎಲ್ಲರಿಗೂ ಕೇಳೋ ಹಾಗೆ ಹೇಳಿದ್ಳಂತೆ:

"ನಿನ್ನ ಎಲೆ ನಾನು ಎತ್ತಲಿಲ್ಲ ಅಂದ್ರೆ ನಾನು ನಿನಗೆ ಇಷ್ಟು ವರ್ಷ ಹಾಕಿದ್ದು ಊಟ ಅಲ್ಲ ಸಂದಕ್ಕ, ಭಿಕ್ಷೆ."

ಅಕ್ಕ ಅಂದ್ಳು ನೋಡು. ಹಳ್ಳದ ಈಚೆಯ ಬಾಯಿಂದ ಆ ಮಾತು ಅವತ್ತೇ ಮೊದಲು. ಅಂದು, ನೆಲಕ್ಕೆ ಬಗ್ಗಿ, ಬಿದ್ದ ಮೂಳೆ ಅನ್ನ ಎಲ್ಲಾ ಬಳಿದು ಹರಿದ ಎಲೇಲಿ ಕಟ್ಟಿಕೊಂಡ್ಳು. ಆಮೇಲೆ ಮುಂದಿನ ಎಲೆ, ಆಮೇಲೆ ಅದರ ಮುಂದಿನದು. ಇನ್ನಾಸಪ್ಪ ಹೆಗಲ ಮೇಲಿದ್ದ ವಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಆ ಕೊನೆಯಿಂದ ಎತ್ತುತ್ತಾ ಬಂದ. ಆಮೇಲೆ ಒಬ್ಬೊಬ್ಬರೇ ಬಗ್ಗಿದ್ರು. ಕೊನೆಗೆ ಸೂಸಾನಮ್ಮನೂ ಒಂದು ಎಲೆ ಎತ್ತಿದಳಂತೆ, ಎರಡೇ ಬೆರಳಲ್ಲಿ, ಸತ್ತ ಹಾವು ಹಿಡಿದ ಹಾಗೆ, ಮುಖ ಆ ಕಡೆ ತಿರುಗಿಸಿ. ನಗಬೇಡ. ಅವಳಿಗೆ ಆ ಒಂದು ಎಲೆ, ಬೇರೆಯೋರಿಗೆ ನೂರು ಎಲೆ ಇದ್ದ ಹಾಗೆ.

ಎಲ್ಲಾ ಆದ ಮೇಲೆ ಜ್ಞಾನಮ್ಮ ಕೈ ತೊಳೆದು ಮಗಳನ್ನ ನೋಡಿದ್ಳು. ಮದಲಿ ಹಾಗೇ ಕೂತಿದೆ, ತುಟಿ ಹಾಗೇ ಬಿಗಿ. ಜ್ಞಾನಮ್ಮ ಚಪ್ಪರದ ಮಧ್ಯೆ ಹಾಗೇ ಕುಸಿದು ಕೂತು, ಇನ್ನೇನು ಉಳೀತು ಸರ್ವೇಶ್ವರಾ, ನಂಗೆ ತಿಳಿದಿದ್ದೆಲ್ಲ ಮಾಡಿದೆ ಅಂದ್ಳಂತೆ.

ಆಗ ಸಂದಮ್ಮ ಹತ್ರ ಬಂದು ನಿಂತು, ಮೆಲ್ಲಗೆ, ನೀವು ಉಂಡ್ರಾ ಅವ್ವಾ ಅಂತ ಕೇಳಿದ್ಳಂತೆ.

ಅಷ್ಟು ವರ್ಷ, ಅಷ್ಟು ಹಬ್ಬ, ಅಷ್ಟು ಜನ ಉಂಡು ಹೋಗಿದ್ರಲ್ಲ, ಆ ಮಾತನ್ನ ಅವಳಿಗೆ ಒಬ್ಬರೂ ಕೇಳಿರಲಿಲ್ಲ. ಊರಿಗೆಲ್ಲ ಬಡಿಸಿದೋಳು ಒಬ್ಬಳೇ ಹಸಿದು ಉಳಿದಿದ್ಳು. ಇಲ್ಲ ಅಂತ ತಲೆ ಆಡಿಸಿದ್ಳು. ಸಂದಮ್ಮ ಅನ್ನದ ತಪ್ಪಲೆ ಕಡೆ ಎರಡು ಹೆಜ್ಜೆ ಇಟ್ಟೋಳು, ಕೈ ಚಾಚಿ, ಚಾಚಿದ ಕೈನ ಹಾಗೇ ಗಾಳೀಲಿ ನಿಲ್ಲಿಸಿಬಿಟ್ಳು. ಹಳ್ಳದ ಆಚೆಯೋರ ಕೈ ಈಚೆಯ ತಪ್ಪಲೆ ಮುಟ್ಟಿದ್ದೇ ಇರಲಿಲ್ಲ. ಎಲ್ಲರೂ ಜ್ಞಾನಮ್ಮನ ಮುಖ ನೋಡಿದ್ರು. ಆ ಗಳಿಗೇಲಿ ಅವಳ ಎದೆ ಹಿಂಜರೀತಂತೆ. ಸುಳ್ಳು ಯಾಕೆ ಹೇಳ್ಲಿ, ಹಿಂಜರೀತು. ಕೊಡೋದು ಅವಳಿಗೆ ಅಭ್ಯಾಸ. ಕೊಡೋಳು ಯಾವತ್ತೂ ಒಂದು ಮೆಟ್ಟಿಲು ಮೇಲೇ ಇರ್ತಾಳೆ. ತಗೋಬೇಕು ಅಂದ್ರೆ ಆ ಮೆಟ್ಟಿಲು ಇಳೀಬೇಕು, ಅದು ಎಲೆ ಎತ್ತೋದಕ್ಕಿಂತ ಕಷ್ಟ ಕಣೇ. ಆದ್ರೂ ಇಳಿದ್ಳು ನಮ್ಮ ಜ್ಞಾನಮ್ಮ.

"ಬಡಿಸು ಸಂದಕ್ಕ, ಹಸಿವಾಗ್ತಿದೆ ನಂಗೆ" ಅಂದ್ಳಂತೆ.

ಸಂದಮ್ಮ ಎಲೆ ಹಾಕಿ, ಅನ್ನ ಹಾಕಿ, ಸಾರು ಹಾಕಿ, ಹೊಟ್ಟೇಲಿ ಹುಟ್ಟಿದ ಮಗಳಿಗೆ ಕಲಸೋ ಹಾಗೆ ತಾನೇ ಕಲಸಿ, ತುತ್ತು ಮಾಡಿ ಬಾಯಿಗೆ ಹಿಡಿದ್ಳು. ಚರ್ಮ ಹದ ಮಾಡಿ ಮಾಡಿ ಕಪ್ಪಗೆ ಒರಟಾಗಿದ್ದ ಕೈ. ಜ್ಞಾನಮ್ಮ ಬಾಯಿ ತೆರೆದ್ಳು. ತುತ್ತಿನ ಜೊತೆ ಕಣ್ಣೀರೂ ಒಳಗೆ ಹೋಯ್ತಂತೆ.

ಎರಡನೇ ತುತ್ತು ಎತ್ತುವಷ್ಟರಲ್ಲಿ ಕಂಬದ ಹತ್ರದಿಂದ ಏನೋ ದಡಬಡ ಸದ್ದು. ಮದಲಿ ಎದ್ದು, ತೂರಾಡ್ಕೊಂಡು ಬಂದು, ಅವ್ವನ ತೊಡೆ ಮೇಲೆ ಹತ್ತಿ ಕೂತು, ಸಂದಮ್ಮನ ಕೈ ಹಿಡ್ಕೊಂಡು, ಅಜ್ಜೀ ನಂಗೂ ಅಂದು ಬಾಯಿ ಆ ಅಂತ ತೆರೀತಂತೆ. ಸಂದಮ್ಮ ಜ್ಞಾನಮ್ಮನ ಮುಖ ನೋಡಿದ್ಳು. ಕೊಡು ಅಂದ್ಳು ಜ್ಞಾನಮ್ಮ. ಮಗು ಒಂದು ತುತ್ತು ಉಂಡ್ತು, ಎರಡು ಉಂಡ್ತು, ಮೂರು ಉಂಡ್ತು, ಆಮೇಲೆ ಎಣಿಸೋಕೆ ಯಾರಿಗೆ ವ್ಯವಧಾನ? ಇನ್ನಾಸಪ್ಪ ಆ ಕಡೆ ತಿರುಗಿ ವಲ್ಲೀಲಿ ಮುಖ ಒರೆಸಿಕೊಳ್ತಿದ್ದ. ಸೂಸಾನಮ್ಮ ಗಟ್ಟಿಯಾಗಿ ಅತ್ತಿದ್ದು ಹಳ್ಳದ ಆಚೆಗೂ ಕೇಳಿಸ್ತಂತೆ.

ಆಮೇಲೆ ಮದಲಿ ದುಂಡಗೆ ಬೆಳೆದ್ಳು, ಮದುವೆ ಆದ್ಳು, ಅವಳ ಮಕ್ಕಳಿಗೆ ಹಲ್ಲು ಬಂತು. ಆಮೇಲೆ ಆ ಊರಲ್ಲಿ ಒಂದು ಪದ್ಧತಿ ಆಯ್ತಂತೆ. ಊಟಕ್ಕೆ ಕರೆದೋರೇ ಎಲ್ಲರ ಎಲೆ ಎತ್ತಬೇಕು, ಊಟಕ್ಕೆ ಬಂದೋರು ಕರೆದೋರಿಗೆ ಬಡಿಸಿ ಉಣ್ಣಿಸದೇ ಹೋಗಬಾರದು. ಯಾವ ಕಸುಬಿನೋರು ಬರಲಿ, ಯಾವ ಗುಡಿಗೆ ಕೈ ಮುಗಿಯೋರು ಬರಲಿ, ಎಲ್ಲರಿಗೂ ಅದೇ. ಗುಡೀಲಿ ಕೂತ್ಕೊಳ್ಳೋದೂ ಕಲಸಿಹೋಯ್ತು. ಹೊಸದಾಗಿ ಬಂದ ಗುರುಗಳಿಗೆ ಯಾರು ಯಾವ ಕಡೆಯೋರು ಅಂತ ಗೊತ್ತಾಗ್ತಾನೇ ಇರಲಿಲ್ಲವಂತೆ. ಆ ಜೋಳಿಗೆ ಮುದುಕ ಮಾತ್ರ ಮತ್ತೆ ಬರಲಿಲ್ಲ. ಅವನು ಯೇಸುಸ್ವಾಮೀನೇ ಅಂತ ಕೆಲವರು, ಅಲ್ಲ ಸಂತ ಅಂತೋಣಿ ಅಂತ ಕೆಲವರು. ನಮ್ಮಜ್ಜಿ ಮಾತ್ರ, ಯಾರಾದ್ರೇನು, ಅಂಬಲಿ ಕೇಳಿದ, ಅವಳು ಕೊಟ್ಟಳು, ಅಷ್ಟು ಸಾಕು ಅಂತಿದ್ಳು.

ಏನು? ನಾವು ಹಳ್ಳದ ಈಚೆಯೋರಾ ಆಚೆಯೋರಾ ಅಂತಾನಾ? ನಿನ್ನಷ್ಟಿದ್ದಾಗ ನಾನೂ ಅದನ್ನೇ ಕೇಳಿದ್ದೆ. ಅದಕ್ಕೆ ನಮ್ಮಜ್ಜಿ, ನಮ್ಮ ಅಮ್ಮಂಗೆ ಗೊತ್ತಿತ್ತೇನೋ, ನಂಗೆ ಹೇಳಲಿಲ್ಲ, ಈಗ ಅದು ಯಾರಿಗೂ ನೆನಪಿಲ್ಲ ಕಣೇ ಅಂದ್ಳು. ಅಂದು, ದೊಡ್ಡದೊಂದು ಹೊನ್ನಿನ ಗಂಟು ಕೈಗೆ ಸಿಕ್ಕಿದೋಳ ಹಾಗೆ ನಕ್ಕಳು. ಕತೆ ಅಲ್ಲಿಗೆ ಮುಗೀತು, ಇನ್ನು ಮಲಗು ನನ್ನ ಕೂಸೇ.